ಸೋಮವಾರದ ಮೊದಲ ಬುಷ್

3 ನವೆಂಬರ್ 2025, ಸೋಮವಾರ

ಕ್ಯಾಲ್ಕುಲೇಟರ್ ಕೊಟ್ಟ ಮೊದಲ ನಂಬರ್ 611. ಏಳನೇ ಟ್ರೇ, ಹನ್ನೊಂದನೆಯದು. ಆಮೇಲೆ 48. ಆಮೇಲೆ 1130. ಹೀಗೆ ಇಪ್ಪತ್ತು ಆಗುವ ತನಕ ಗುಂಡಿ ಒತ್ತುವುದು, ಹುಡುಕುವುದು, ತೆಗೆಯುವುದು. ಶನಿವಾರದ ಮಾಲು ಸಾವಿರದ ಇನ್ನೂರು. ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ಬುಷ್. ಆರು ತಿಂಗಳಿಂದ ನಮ್ಮ ಯೂನಿಟ್‌ನಲ್ಲಿ ಇದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ನಾನು ಬರುವ ಮುಂಚೆ ಸ್ಯಾಂಪಲ್ ಅಂದರೆ ಮೇಲಿನ ಟ್ರೇಯಿಂದ ಒಂದು ಹಿಡಿ. ಮೇಲಿನ ಟ್ರೇಗೆ ಚೆಂದದ್ದನ್ನೇ ಆರಿಸಿ ಜೋಡಿಸುತ್ತಿದ್ದರು, ಮಂಡಿಯಲ್ಲಿ ಟೊಮೇಟೊ ಬಾಕ್ಸ್ ಜೋಡಿಸಿದ ಹಾಗೆ. ಜಗಳ ಆಡಿ ನಿಲ್ಲಿಸಿದೆ. ಈಗ ಯಾವುದು ಬರುತ್ತದೆ ಅಂತ ನನಗೂ ಗೊತ್ತಿರುವುದಿಲ್ಲ. ಈ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ. ಇರಲಿ.

ಇಪ್ಪತ್ತೂ ಡ್ರಮ್ಮಿಗೆ. ಮರಳು ಕಾಗದದಂಥ ಎಮರಿ ಪೇಪರ್ ಸುತ್ತಿದ ಡ್ರಮ್ಮು ಬುಷ್ಷನ್ನು ಉಜ್ಜುತ್ತಾ ಎರಡು ಸಾವಿರ ಸುತ್ತು ತಿರುಗಬೇಕು. ಅಷ್ಟಾದರೂ ರಬ್ಬರ್ ಸವೆದು ಒಳಗಿನ ಕಬ್ಬಿಣದ ಬಿಲ್ಲೆ ಕಾಣಬಾರದು. ಒಂದರಲ್ಲಿ ಕಂಡರೂ ಇಡೀ ಮಾಲು ವಾಪಸ್. ಕಾಣದಿದ್ದರೂ ಆ ಇಪ್ಪತ್ತು ಕಸದ ಬುಟ್ಟಿಗೆ. ಸವೆಸಿ ನೋಡದೆ ಗೊತ್ತಾಗುವುದಿಲ್ಲ, ಎಲ್ಲವನ್ನೂ ಸವೆಸಿದರೆ ಮಾರಲು ಏನೂ ಉಳಿಯುವುದಿಲ್ಲ. ಅದಕ್ಕೇ ಈ ನಂಬರ್ ಆಟ.

ಹದಿನಾಲ್ಕನೇ ನಂಬರ್ ಬಿದ್ದದ್ದಕ್ಕೆ ಕುಂಕುಮ ಇತ್ತು. ದೇವರ ಪೀಸು. ಕಣ್ಣಿಗೊತ್ತಿಕೊಂಡು ಅಲ್ಲೇ ಇಟ್ಟು ಪಕ್ಕದ್ದನ್ನು ತೆಗೆದೆ. ಪ್ರೆಸ್ಸಿನ ಜಯರಾಮಪ್ಪ ದಿನಾ ಬೆಳಿಗ್ಗೆ ಎರಡೂ ಪ್ರೆಸ್ಸಿನ ಮೊದಲ ಅಚ್ಚಿನ ಬುಷ್‌ಗಳನ್ನು ತಟ್ಟೆಯಲ್ಲಿಟ್ಟು, ನರಸಿಂಹಸ್ವಾಮಿ ಪಟದ ಮುಂದೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಾರೆ. ಸಂಜೆ ಅವೂ ಟ್ರೇ ಸೇರುತ್ತವೆ. ಪ್ಯಾಕಿಂಗಿನ ರಮಾದೇವಿ ಒದ್ದೆ ಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ಹಾಕುತ್ತಾಳೆ. ದೇವರ ಮುಂದೆ ಇಟ್ಟದ್ದನ್ನು ಎಮರಿಗೆ ಹಿಡಿಯಲು ಯಾರಿಗೆ ತಾನೆ ಮನಸ್ಸು ಬರುತ್ತದೆ?

ಸಂಜೆ ಹೊರಡುವಾಗ ಕೇಳಿದೆ. "ಜಯರಾಮಣ್ಣ, ಇವತ್ತಿನ ತಟ್ಟೆಯಿಂದ ಒಂದು ನಮ್ಮಣ್ಣನಿಗೆ ತಗೊಳ್ಳಲಾ?"

"ತಗೊಳ್ಳಮ್ಮ, ಅದಕ್ಯಾಕೆ ಕೇಳ್ತೀಯ! ಕಾರ್ತೀಕ ಸೋಮವಾರದ್ದು. ಆ ಸ್ವಾಮಿನೇ ಕಾಲಾಗಿ ನಿಂತ್ಕಂತಾನೆ."

ಕುಂಕುಮ ಒರೆಸಲಿಲ್ಲ. ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.


9 ನವೆಂಬರ್, ಭಾನುವಾರ. ಕಲ್ಯಾಣದುರ್ಗ

ಬೆಳಗಿನ ಬಸ್ಸು. ಸೋಮಂದೇಪಲ್ಲಿ ತನಕ ನಿಂತೇ ಬಂದೆ.

ಅಣ್ಣ ಮೈಕ್ ಸೆಟ್ ಅಂಗಡಿಯ ಮುಂದೆ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದ. ಅವನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಹೋಯಿತು. ನನಗೆ ನೆನಪಿರುವಂದಿನಿಂದ ಕೋಲು ಅವನ ಜೊತೆಗೇ ಇದೆ. ಅದರ ಬಗ್ಗೆ ಯಾವತ್ತೂ ಹೆದರಿದವಳಲ್ಲ. ಈ ಜೂನ್‌ನಲ್ಲಿ ಫಂಕ್ಷನ್ ಹಾಲಿನ ಗ್ರಾನೈಟ್ ಮೇಲೆ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಹೆದರಿಕೆ ಶುರುವಾಯಿತು. ರಾಡ್ ಹಾಕಿದ್ದಾರೆ. ಅನಂತಪುರದ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು - ಇನ್ನೊಂದು ಸಲ ಬಿದ್ದರೆ ಎದ್ದು ಓಡಾಡುವುದು ಕಷ್ಟ. ಅಣ್ಣನಿಗೆ ಇದನ್ನು ಹೇಳಿಲ್ಲ. ಅತ್ತಿಗೆಗೂ ಹೇಳಿಲ್ಲ.

ಪೊಟ್ಟಣ ಕೊಟ್ಟೆ. ಬಿಚ್ಚಿ ನೋಡಿ ನಕ್ಕ.

"ಕಜ್ಜಾಯ ತರೋ ತಂಗೀರ್ನ ಕಂಡಿವ್ನಿ, ರಬ್ಬರ್ ತರೋಳ್ನ ನಿನ್ನೇ ಕಣಮ್ಮ ನೋಡಿದ್ದು!"

"ಸುಮ್ನಿರಣ್ಣ. ಕಾರ್ತೀಕ ಸೋಮವಾರ ದೇವರ ಮುಂದೆ ಇಟ್ಟಿದ್ದು. ನಿನಗೇಂತ ಕೇಳಿ ತಂದೆ."

ನಗು ನಿಲ್ಲಿಸಿದ. ಕಣ್ಣಿಗೊತ್ತಿಕೊಂಡು ಅಂಗಿ ಜೇಬಿಗೆ ಹಾಕಿಕೊಂಡ. ನಾನೇ ಹಾಕಿಕೊಡುತ್ತೇನೆ ಅಂದರೆ "ಬಿಡು, ಆಮೇಲೆ ಹಾಕ್ಕತೀನಿ, ಬಸ್ಸು ತಪ್ಪೋಯ್ತದೆ" ಅಂದ. ಅತ್ತಿಗೆ ಶಿವಲಕ್ಷ್ಮಮ್ಮ ಬುತ್ತಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಬಂತು. ಎಷ್ಟೋ ದಿನದಿಂದ ಹೀಗೆ ನಿದ್ದೆ ಮಾಡಿರಲಿಲ್ಲ.


21 ನವೆಂಬರ್, ಶುಕ್ರವಾರ

ಕ್ಯಾಂಪಿನ ಮಾಲು ಹೊರಟಿತು. ಕಲ್ಯಾಣದುರ್ಗ, ಸೆಟ್ಟೂರು ಕಡೆಯವರಿಗೆ ಒಂದು ಟ್ರಸ್ಟ್‌ನವರು ಎಂಟುನೂರು ಊರುಗೋಲು ಹಂಚುತ್ತಾರೆ. ಬುಷ್ ನಮ್ಮದು. ಈ ತಿಂಗಳು ಡ್ರಮ್ಮಿನಲ್ಲಿ ಒಂದೂ ಫೇಲ್ ಇಲ್ಲ. ಮ್ಯಾನೇಜರ್ ಚಲಪತಿ ಸರ್ ಲಾರಿಗೆ ತೆಂಗಿನಕಾಯಿ ಒಡೆಸಿದರು. "ಇದೊಂದು ಸರಿಹೋದ್ರೆ ಜಿಲ್ಲೆಗೆಲ್ಲಾ ಮನದೇ ಅಮ್ಮಾ" ಅಂದರು. ನಮ್ಮದೇ ಅನ್ನುವುದಕ್ಕೆ ಖುಷಿಯಲ್ಲಿ ತೆಲುಗು ಬಂದುಬಿಡುತ್ತದೆ ಅವರಿಗೆ.


29 ನವೆಂಬರ್

ಮಗಳಿಗೆ ಜ್ವರ. ರಜ. ಡ್ರಮ್ಮಿನ ಬೆಲ್ಟ್ ಕಿತ್ತುಹೋಯಿತಂತೆ. ನಾನಿಲ್ಲದ ದಿನವೇ ನೋಡಿಕೊಂಡು ಕಿತ್ತುಹೋಗುತ್ತದೆ.


16 ಡಿಸೆಂಬರ್, ಮಂಗಳವಾರ

ಟ್ರಸ್ಟ್‌ನವರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾರೆ. ನಾಲ್ಕು ಬುಷ್. ನಾಲ್ಕರಲ್ಲೂ ಬಿಲ್ಲೆ ಹೊರಗೆ ಬಂದು ಫಳಫಳ ಅನ್ನುತ್ತಿದೆ. ಕೋಲು ಹಂಚಿ ಇನ್ನೂ ಮೂರು ವಾರ ಆಗಿಲ್ಲ. ನಮ್ಮ ಬುಷ್ ಒಂದು ವರ್ಷ ಬರಬೇಕು.

ಚಲಪತಿ ಸರ್ ಫೋಟೋ ನೋಡಿ ಫೋನ್ ಪಕ್ಕಕ್ಕಿಟ್ಟರು. "ಅಲ್ಲಿನ ನೆಲಾನೇ ಅಂಥಾದ್ದಮ್ಮಾ. ಬರೀ ಕಲ್ಲು. ಎಂಟುನೂರರಲ್ಲಿ ನಾಲ್ಕು. ಇದೇನು ದೊಡ್ಡದಲ್ಲ ಬಿಡು."

ದೊಡ್ಡದಲ್ಲ, ನಿಜ. ಆದರೆ ನನಗೆ ಸಮಾಧಾನವಾಗಲಿಲ್ಲ. ಕಲ್ಲು ಕಾರಣವಾದರೆ ಎಲ್ಲರದ್ದೂ ಸ್ವಲ್ಪ ಸ್ವಲ್ಪ ಬೇಗ ಸವೆಯಬೇಕು. ಟ್ರಸ್ಟ್‌ನವರು ನೋಡಿದ ಉಳಿದವು ಹೊಸದರ ಹಾಗಿವೆಯಂತೆ, ಈ ನಾಲ್ಕು ಮಾತ್ರ ಮುಗಿದೇ ಹೋಗಿವೆ. ನಡುವೆ ಏನೂ ಇಲ್ಲ. ಒಂದೇ ಮಾಲಿನಲ್ಲಿ ಎರಡು ಜಾತಿಯ ಬುಷ್ ಇದ್ದ ಹಾಗೆ.

ಅಣ್ಣನಿಗೆ ಫೋನ್ ಮಾಡಿದೆ. ಬುಷ್ ಹೇಗಿದೆ?

"ಹೊಸದರ ಹಂಗೇ ಐತೆ ಕಣಮ್ಮ. ಒಂಚೂರೂ ಸವೆದಿಲ್ಲ."

ಅವನೂ ಅದೇ ನೆಲದಲ್ಲೇ ಓಡಾಡುವುದು. ದಿನಕ್ಕೆ ಹತ್ತು ಕಡೆ ಹತ್ತಿ ಇಳಿಯುತ್ತಾನೆ. ಹಾಗಾದರೆ ನಮ್ಮ ಬುಷ್ ಸರಿಯಾಗೇ ಇದೆ. ಆ ನಾಲ್ವರು ಕೋಲನ್ನು ಎಳೆದುಕೊಂಡು ನಡೆಯುತ್ತಾರೇನೋ. ಚಲಪತಿ ಸರ್‌ಗೆ ಹಾಗೇ ರಿಪೋರ್ಟ್ ಬರೆದು ಕೊಟ್ಟೆ.


20 ಡಿಸೆಂಬರ್, ಶನಿವಾರ

ಕಂಪನಿ ವ್ಯಾನಿನಲ್ಲಿ ಕಲ್ಯಾಣದುರ್ಗ. ಅಲ್ಲಿಂದ ಸೆಟ್ಟೂರು ರಸ್ತೆ. ನಾಲ್ಕನ್ನೂ ಕಣ್ಣಾರೆ ನೋಡದೆ ಬಿಡಬಾರದು ಅಂತ ಹಟ ಮಾಡಿ ಹೊರಟೆ.

ಮೊದಲ ಮನೆ ಪೋಲಮ್ಮನದು. ಎಪ್ಪತ್ತು ದಾಟಿದೆ. ಬಲಗೈಗೆ ಬಟ್ಟೆ ಸುತ್ತಿಕೊಂಡು ಜಗಲಿ ಮೇಲೆ ಕೂತಿದ್ದಳು.

"ಕೋಲು ಕಿರ್ ಕಿರ್ ಅಂತಿತ್ತು ಕಣಮ್ಮ. ಹೊಸಾದು, ಹಂಗೇ ಇರ್ತದೇನೋ ಅನ್ಕಂಡೆ. ಬಚ್ಚಲ ಕಲ್ಮೇಲೆ ಜರ್ ಅಂತ ಜಾರ್ಬುಡ್ತು. ಕೈ ಊರ್ದೆ, ತಲೆ ಉಳ್ಕಂತು."

ಎಳೆದುಕೊಂಡು ನಡೆಯುತ್ತೀಯಾ ಅಜ್ಜಿ, ನಡೆದು ತೋರಿಸು ಅಂದೆ. ನಡೆದಳು. ಎತ್ತಿ ಎತ್ತಿ, ಜೋಪಾನವಾಗಿ. ದಿನಕ್ಕೆ ಜಗಲಿಯಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ, ಅಷ್ಟೇ ಅವಳ ಓಡಾಟ. ಪಕ್ಕದ ಮನೆಯ ಮುನೆಪ್ಪನಿಗೂ ಅದೇ ಕ್ಯಾಂಪಿನ ಕೋಲು. ಅವನು ಅದನ್ನೂರಿಕೊಂಡು ಗುಡ್ಡದ ತನಕ ಮೇಕೆ ಹೊಡೆದುಕೊಂಡು ಹೋಗುತ್ತಾನೆ. ಅವನ ಬುಷ್ ನೋಡಿದೆ. ಗೀರು ಸಹ ಇಲ್ಲ.

ನಾನು ಬರೆದುಕೊಟ್ಟ ರಿಪೋರ್ಟ್ ನೆನಪಾಗಿ ನಾಚಿಕೆಯಾಯಿತು. ಅಜ್ಜಿಗೆ ಹೊಸ ಬುಷ್ ಹಾಕಿಕೊಟ್ಟೆ. ಉಳಿದ ಮೂರು ಮನೆಗೂ ಹೋಗಿ, ನಾಲ್ಕೂ ಹಳೆಯವನ್ನು ಕವರಿನಲ್ಲಿ ಕಟ್ಟಿಕೊಂಡೆ. ಅಣ್ಣ ಊರಲ್ಲಿಲ್ಲ, ಕಂಬದೂರಿಗೆ ಮೈಕ್ ಕಟ್ಟಲು ಹೋಗಿದ್ದ. ಡ್ರೈವರ್‌ಗೆ ಅವಸರ. ಮನೆಗೆ ಹೋಗಲಿಲ್ಲ.


21 ಡಿಸೆಂಬರ್, ಭಾನುವಾರ

ಬಟ್ಟೆ ನೆನೆಹಾಕಿ ಆ ನಾಲ್ಕನ್ನು ಮಗ್ಗಿನಲ್ಲಿ ತೊಳೆಯಲು ಕೂತೆ. ಒಳಗಡೆ ಚುಕ್ಕೆ ಕಂಡಿತು. ಯಾವ ದಿನದ ಮಾಲು ಅಂತ ಗೊತ್ತಾಗಲು ಬುಷ್ಷಿನ ತೂತಿನ ತಳದಲ್ಲಿ ಪೇಂಟ್ ಚುಕ್ಕೆ ಇಡುತ್ತೇವೆ, ದಿನಕ್ಕೊಂದು ಬಣ್ಣ. ಸೋಮವಾರಕ್ಕೆ ಬಿಳಿ. ಮೊದಲನೆಯದು ಬಿಳಿ. ಎರಡನೆಯದು ಬಿಳಿ. ನಾಲ್ಕೂ ಬಿಳಿ.

ಸೋಮವಾರದ ಮಾಲೂ ಡ್ರಮ್ಮಿನಲ್ಲಿ ಪಾಸಾಗಿದೆ. ಒಂದಲ್ಲ, ಎಲ್ಲಾ ಸೋಮವಾರ. ನಾನೇ ಸವೆಸಿ ನೋಡಿದ್ದೇನೆ.

ಮಗಳ ಕಿವಿ ಒರೆಸುವ ಹತ್ತಿಕಡ್ಡಿ ತೆಗೆದು ಒಳಗೆ ಒರೆಸಿದೆ. ಹತ್ತಿ ಕೆಂಪಾಯಿತು. ಅಲ್ಲಿನ ಮಣ್ಣು ಕೆಂಪೇ, ಸರಿ. ಆದರೆ ಅದು ಕೋಲಿನ ಪೈಪು ಬಿಗಿಯಾಗಿ ಕೂತಿದ್ದ ಜಾಗ. ಮಣ್ಣು ಅಲ್ಲಿಗೆ ಹೋಗುವುದಿಲ್ಲ. ಮೂಸಿ ನೋಡಿದೆ. ಕುಂಕುಮ.

ರಮಾದೇವಿಯ ಬಟ್ಟೆ ತೂತಿನ ಒಳಗೆ ಹೋಗುವುದಿಲ್ಲವಲ್ಲ.

ಆಮೇಲೆ ಲೆಕ್ಕ ಹಾಕಿದೆ. ಒಂದು ಅಚ್ಚಿಗೆ ಹನ್ನೆರಡು, ಎರಡು ಪ್ರೆಸ್ಸು, ಇಪ್ಪತ್ನಾಲ್ಕು ದೇವರ ಪೀಸು. ಸಾವಿರದ ಇನ್ನೂರರಲ್ಲಿ ಇಪ್ಪತ್ನಾಲ್ಕು. ಗುಂಡಿ ಒತ್ತಿ ಇಪ್ಪತ್ತು ತೆಗೆದರೆ, ಮೂರು ಸೋಮವಾರದಲ್ಲಿ ಒಂದು ಸೋಮವಾರವಾದರೂ ಒಂದು ಕೈಗೆ ಬರಬೇಕು. ಬರುತ್ತಿತ್ತು. ಬಂದಾಗೆಲ್ಲ ಕಣ್ಣಿಗೊತ್ತಿಕೊಂಡು ಪಕ್ಕದ್ದನ್ನು ತೆಗೆಯುತ್ತಿದ್ದೆ.

ಮೇಲಿನ ಟ್ರೇಯವರ ಜೊತೆ ಜಗಳ ಆಡಿದವಳು ನಾನು. ಸಾವಿರಾರು ಬುಷ್ ಸವೆಸಿದ್ದೇನೆ, ಅದರಲ್ಲಿ ಕುಂಕುಮದ್ದು ಒಂದೂ ಇಲ್ಲ.

ಬಟ್ಟೆ ಒಗೆಯಲಿಲ್ಲ. ಅಣ್ಣ ಜೇಬಿಗೆ ಹಾಕಿಕೊಂಡದ್ದೂ ಸೋಮವಾರದ್ದೇ. ಆದರೆ ಅವನದು ಹೊಸದರ ಹಾಗೇ ಇದೆ ಅಂದನಲ್ಲ... ಹೇಗೆ?


22 ಡಿಸೆಂಬರ್, ಸೋಮವಾರ. ಬೆಳಿಗ್ಗೆ, ಯೂನಿಟ್‌ನಲ್ಲಿ

ಏಳಕ್ಕೆ ಮುಂಚೆ ಬಂದೆ. ತೂಮಕುಂಟದ ಕಡೆ ಮಂಜು ಕವಿದಿತ್ತು. ಜಯರಾಮಪ್ಪ ಮಫ್ಲರ್ ಸುತ್ತಿಕೊಂಡು ಪ್ರೆಸ್ ಹತ್ತಿರ ನಿಂತಿದ್ದರು. ಹೀಟರ್ ಹಾಕಿ ಅರ್ಧ ಗಂಟೆ ಆಗಿದೆ. ರಬ್ಬರ್ ಅಚ್ಚಾಗುವ ಡೈ ಸರಿಯಾಗಿ ಕಾಯಲು ಗಂಟೆಯ ಮೇಲೆ ಬೇಕು. ಬೇರೆ ದಿನ ಎಂಟರ ತನಕ ಕಾಯುತ್ತಾರೆ. ಇವತ್ತು ಏಳು ಇಪ್ಪತ್ತಕ್ಕೇ ಮೊದಲ ಅಚ್ಚು ತೆಗೆದರು.

"ಯಾಕಣ್ಣ ಇಷ್ಟು ಬೇಗ?"

"ಸೋಮವಾರ ಅಲ್ವೇನಮ್ಮ? ಏಳೂವರೆಗೆ ರಾಹುಕಾಲ ಬಂದ್ಬುಡ್ತದೆ. ಅಷ್ಟರೊಳ್ಗೆ ಒಂದು ಅಚ್ಚು ತಗುದ್ಬುಟ್ರೆ ಆಯ್ತು. ಆಮೇಲೆ ಒಂಬತ್ತರ ತಂಕ ಡೈ ಕಾಯ್ತಾ ಇರ್ತದೆ."

ಕಾವಲಿ ಕಾಯುವ ಮುಂಚೆ ಹೊಯ್ದ ದೋಸೆ. ರಬ್ಬರ್ ಅರೆಬೆಂದಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕರ್ರಗೆ ಹೊಳೆಯುತ್ತಿರುತ್ತದೆ.

ಗಟ್ಟಿತನ ಅಳೆಯುವ ಹಾರ್ಡ್‌ನೆಸ್ ಮೀಟರ್ ತೆಗೆದುಕೊಂಡು ತಟ್ಟೆಯ ಹತ್ತಿರ ಹೋದೆ. ಜಯರಾಮಪ್ಪ ಅಡ್ಡ ಬಂದರು. "ದೇವರ ಮುಂದೆ ಇಟ್ಟಿದ್ಕೆ ಸೂಜಿ ಚುಚ್ಚಬ್ಯಾಡಮ್ಮ."

"ಚುಚ್ಚಲ್ಲಣ್ಣ. ಒತ್ತುತ್ತೆ ಅಷ್ಟೇ. ಗುರುತೂ ಬೀಳಲ್ಲ."

"ಆದ್ರೂ ಬ್ಯಾಡ."

ಪೋಲಮ್ಮನ ಬುಷ್ ತೋರಿಸಿದೆ. ಕೆಂಪಾದ ಹತ್ತಿಯನ್ನೂ ತೋರಿಸಿದೆ. ಅಜ್ಜಿ ಬಚ್ಚಲಲ್ಲಿ ಬಿದ್ದದ್ದು ಹೇಳಿದೆ. ಅವರು ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ತಾವೇ ತಟ್ಟೆ ಎತ್ತಿ ನನ್ನ ಟೇಬಲ್ ಮೇಲೆ ಇಟ್ಟರು.

ಅರವತ್ತೈದು ತೋರಿಸಬೇಕಾದ ಮುಳ್ಳು ನಲವತ್ತೊಂದಕ್ಕೆ ನಿಂತಿತು. ಇನ್ನೊಂದು, ನಲವತ್ತಮೂರು. ಇಪ್ಪತ್ನಾಲ್ಕೂ ಹಾಗೇ.

"ಸ್ವಾಮಿ ಹೆಸ್ರು ಹೇಳ್ಕಂಡು ನಾನೇ ಜನಗಳ್ನ ಬೀಳಿಸ್ಬುಟ್ನೇನಮ್ಮ?"

"ನೀವು ಮಾಡಿದ್ರಿ, ನಾನು ಬಿಟ್ಟೆ. ಇಬ್ಬರದೂ ಇದೆ ಅಣ್ಣ."

ಚಲಪತಿ ಸರ್ ಬಂದು ಎಲ್ಲ ಕೇಳಿದರು. ಮೊದಲು ಎಂಟುನೂರರಲ್ಲಿ ನಾಲ್ಕು ಅಂತ ಮತ್ತೆ ಶುರು ಮಾಡಿದರು. ಮುಂದಿನದು ಯಾರ ಮನೆಯ ಬಚ್ಚಲಲ್ಲಿ ಅಂತ ಹೇಳಿ ಸರ್, ಅವರಿಗೆ ಮೊದಲೇ ತಿಳಿಸುತ್ತೇನೆ ಅಂದೆ. ದನಿ ಜೋರಾಗಿತ್ತು, ಪ್ಯಾಕಿಂಗ್‌ನವರೆಲ್ಲ ತಿರುಗಿ ನೋಡಿದರು. ಚಲಪತಿ ಸರ್ ಕುರ್ಚಿಯಲ್ಲಿ ಕೂತು, "ಸರೇ, ಬಿಳಿ ಚುಕ್ಕೇದು ಎಲ್ಲಾ ವಾಪಸ್ ತರಿಸೋಣ. ಇನ್ಮೇಲೆ ವಾಚ್‌ಮನ್ ಐದೂವರೆಗೇ ಹೀಟರ್ ಹಾಕ್ಲಿ" ಅಂದರು. ಇಷ್ಟೇ ಮಾಡಬೇಕಿದ್ದದ್ದು. ಮೊದಲೇ ಯಾರಿಗೂ ಹೊಳೆದಿರಲಿಲ್ಲ.

ಹತ್ತೂವರೆ. ಅಣ್ಣ ಫೋನ್ ಎತ್ತುತ್ತಿಲ್ಲ. ಐದು ಸಲ ಮಾಡಿದೆ. ಅತ್ತಿಗೆ ಎತ್ತಿದಳು. ಚರ್ಚಿನಲ್ಲಿ ಕ್ರಿಸ್‌ಮಸ್ ಮೈಕ್ ಕಟ್ಟುತ್ತಿದ್ದಾನಂತೆ, ಸ್ಟೇಜಿನ ಮೇಲೆ. ಬುಷ್ ಹೇಗಿದೆ ಅತ್ತಿಗೆ ಅಂದರೆ ಅವಳೂ ಅದನ್ನೇ ಹೇಳಿದಳು. "ಹೊಸದರ ಹಂಗೇ ಐತಮ್ಮ."

ಇರಲು ಸಾಧ್ಯವಿಲ್ಲ. ಇವತ್ತು ಮೀಟರ್ ನೋಡಿದ್ದೇನೆ. ಪೋಲಮ್ಮನದು ಮೂರು ವಾರ ಬರಲಿಲ್ಲ, ಅಣ್ಣನಿಗೆ ಕೊಟ್ಟು ಆರು ವಾರ ಆಯಿತು. ತಂಗಿ ಪ್ರೀತಿಯಿಂದ ಕೊಟ್ಟದ್ದು ಅಂತ ಇಬ್ಬರೂ ಸೇರಿ ಮುಚ್ಚಿಡುತ್ತಿದ್ದಾರೆ. ಕಿರ್ ಕಿರ್ ಅಂದರೂ ತೆಗೆಯುವವನಲ್ಲ ಅವನು, ನನ್ನ ಅಣ್ಣ.

ರಜ ಹಾಕಿದೆ. ಗುರುವಾರ ಪಾಸಾದ ಬುಧವಾರದ ಮಾಲಿನಿಂದ ಒಂದು ಬುಷ್ ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿಗೆ ಹೋಗಬೇಕು.


23 ಡಿಸೆಂಬರ್, ಮಂಗಳವಾರ. ಕಲ್ಯಾಣದುರ್ಗ

ನಿನ್ನೆ ಬರೆಯಲು ಆಗಲಿಲ್ಲ.

ಪೆನುಕೊಂಡದಲ್ಲಿ ಬಸ್ಸು ತಪ್ಪಿತು. ಇನ್ನೊಂದು ಸಿಕ್ಕಿ ಇಲ್ಲಿ ಇಳಿದಾಗ ನಾಲ್ಕು ದಾಟಿತ್ತು. ಆಟೋ ಮಾಡಿಕೊಂಡು ನೇರ ಚರ್ಚಿಗೆ. ಗೇಟಿನಲ್ಲೇ ಅವನ ದನಿ ಕೇಳಿಸಿತು, "ಹಲೋ, ಮೈಕ್ ಟೆಸ್ಟಿಂಗ್, ಒಂದು, ಎರಡು..." ಜೀವ ಬಂತು. ಒಳಗೆ ಹೋದರೆ ಸ್ಟೇಜಿನ ಮೆಟ್ಟಿಲ ಮೇಲೆ ನಿಂತಿದ್ದಾನೆ, ಒಂದು ಕೈಯಲ್ಲಿ ವೈರು, ಕಂಕುಳಲ್ಲಿ ಕೋಲು. ಮೆಟ್ಟಿಲು ಟೈಲ್ಸಿನದು. ಅಲಂಕಾರದವರು ಒರೆಸಿ ಹೋಗಿದ್ದರು, ಇನ್ನೂ ಒದ್ದೆ.

"ಅಣ್ಣಾ, ಅಲ್ಲಾಡಬೇಡ!" ಅಂತ ಕೂಗಿದೆ. ಮೈಕ್ ಆನ್ ಇತ್ತು. ಅವನು "ಯಾಕಮ್ಮ, ಏನಾಯ್ತು?" ಅಂದದ್ದು ಇಡೀ ಬೀದಿಗೆ ಕೇಳಿಸಿತು.

ಹೋಗಿ ಮೆಟ್ಟಿಲ ಮೇಲೆ ಕುಕ್ಕರಿಸಿ, ಅವನ ತೋಳು ಹಿಡಿದುಕೊಂಡು ಕೋಲು ಎತ್ತಿ ನೋಡಿದೆ. ಕರಿ ಬುಷ್ ಅಲ್ಲ. ಹಳೆಯ ಬೂದು ಬಣ್ಣದ್ದು. ಆಸ್ಪತ್ರೆಯಲ್ಲಿ ಕೊಟ್ಟದ್ದು. ಒಂದು ಕಡೆ ಸವೆದು ಓರೆಯಾಗಿದೆ.

"ನಾನು ಕೊಟ್ಟಿದ್ದೆಲ್ಲಿ?"

"ಮನೇಲಿ ಐತೆ."

"ಮನೇಲಿ ಎಲ್ಲಿ?"

"ಎಲ್ಲೀಂದ್ರೆ? ದೇವರ ಗೂಡ್ನಾಗೆ ಕಣಮ್ಮ. ಕುಂಕುಮ ಇಟ್ಟು ಪೂಜೆ ಮಾಡಿದ್ನ ನೆಲಕ್ಕೆ ಊರ್ಕಂಡು ಸಗಣಿ ಮೇಲೆ, ಮೋರಿ ಮೇಲೆ ಓಡಾಡಾಕಾಯ್ತದಾ? ನೀನು ಕೊಟ್ಟ ದಿನಾನೇ ಎತ್ತಿಟ್ಬುಟ್ಟೆ. ದಿನಾ ನಿಮ್ಮತ್ತಿಗೆ ಹೂ ಇಕ್ತಾಳೆ."

ಹೊಸದರ ಹಾಗೇ ಇದೆ. ಒಂಚೂರೂ ಸವೆದಿಲ್ಲ. ಇಬ್ಬರೂ ಒಂದು ಅಕ್ಷರ ಸುಳ್ಳು ಹೇಳಿರಲಿಲ್ಲ.

ಅಲ್ಲೇ ಕೂತು ಅತ್ತೆ. ನಗುವೂ ಬಂತು. ಅವನಿಗೆ ಏನೂ ಅರ್ಥವಾಗದೆ ಮೈಕ್ ಆಫ್ ಮಾಡಿ ನನ್ನ ತಲೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಎಲ್ಲ ಹೇಳಿದೆ, ಡಾಕ್ಟರ್ ಜೂನ್‌ನಲ್ಲಿ ಹೇಳಿದ್ದನ್ನೂ ಸೇರಿಸಿ.

"ಇದುನ್ನ ಒಬ್ಳೇ ಹೊತ್ಕಂಡಿದ್ಯಾ ಇಷ್ಟು ದಿನ? ಬಾಯ್ಬಿಟ್ಟು ಹೇಳಾಕೆ ಏನಾಗಿತ್ತು?" ಅಂದ. ಬೈದದ್ದೇ. ನನಗೆ ಬೈಸಿಕೊಂಡು ಹಾಯೆನಿಸಿತು.

ಬೂದು ಬುಷ್ ಕಿತ್ತು ಬುಧವಾರದ್ದನ್ನು ನಾನೇ ಕೂರಿಸಿದೆ. ಕುಂಕುಮ ಇಲ್ಲದ್ದು. ಸುತ್ತಿಗೆಯಲ್ಲಿ ಎರಡು ಏಟು. ಹಳೆಯದನ್ನು ತಿರುಗಿಸಿ ನೋಡಿದರೆ ಕಾಗದದಷ್ಟು ರಬ್ಬರ್ ಉಳಿದಿತ್ತು. ನಾನು ಕೊಟ್ಟದ್ದು ಇದೆಯಲ್ಲ ಅಂತ ಅವನು ಬೇರೆ ತರಿಸಿರಲಿಲ್ಲ, ಅದನ್ನು ಹಾಕಿಕೊಳ್ಳಲು ಮನಸ್ಸಾಗಿರಲಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ... ಬರೆಯುವುದಿಲ್ಲ.

ಇವತ್ತು ಬೆಳಿಗ್ಗೆ ದೇವರ ಗೂಡಿನಿಂದ ಅದನ್ನು ಕೇಳಿದೆ. ಅತ್ತಿಗೆ ಒಪ್ಪಲಿಲ್ಲ. "ಒಂದೂವರೆ ತಿಂಗ್ಳು ಕೈ ಮುಗ್ದಿವ್ನಿ ಕಣಮ್ಮ. ಹೆಂಗೆ ಕೊಡ್ಲಿ?" ಅಂದಳು. ಅವಳ ಮಾತೂ ಸರಿ. ಅಣ್ಣ ಗೂಡಿನ ಮುಂದೆ ನಿಂತು ಸೇವಂತಿಗೆ ತೆಗೆದ, ಬುಷ್ಷನ್ನು ನನ್ನ ಅಂಗೈ ಮೇಲೆ ಇಟ್ಟ.

"ತಗಂಡೋಗಿ ನೋಡು. ಗೊತ್ತಾಗ್ಲಿ ನಂಗೂ."

ಬಿಳಿ ಚುಕ್ಕೆಯ ಬುಷ್ ವಾಪಸ್ ತರಿಸಬೇಕಲ್ಲ, ಟ್ರಸ್ಟ್‌ನವರ ಹತ್ತಿರ ಅರ್ಧ ಜನದ ಫೋನ್ ನಂಬರೇ ಇಲ್ಲ ಅಂದೆ. ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ. "ಮೈಕ್ ಸೆಟ್ಟೋನ ಮನೇಲಿ ಕೂತ್ಕಂಡು ಇದುನ್ನ ಕೇಳ್ತೀಯಲ್ಲೇ!"


27 ಡಿಸೆಂಬರ್, ಶನಿವಾರ

ಅಣ್ಣ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಾನೆ. ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ, ಆಟೋ ಸದ್ದಿನ ನಡುವೆ:

"ಮಹಾಜನಗಳಲ್ಲಿ ವಿನಂತಿ! ಕ್ಯಾಂಪಿನಲ್ಲಿ ಊರುಗೋಲು ತಗಂಡೋರು ಕೋಲಿನ ಕೆಳಗಿನ ರಬ್ಬರ್ ಬಿಚ್ಚಿ ಒಳಗಡೆ ನೋಡ್ಕಳಿ. ಬಿಳೀ ಚುಕ್ಕೆ ಇದ್ರೆ ಆ ಕೋಲೂರಿ ನಡೀಬ್ಯಾಡಿ. ಆಟೋ ನಿಮ್ಮ ಮನೆ ಬಾಗ್ಲಿಗೇ ಬತ್ತದೆ, ಹೊಸ ರಬ್ಬರ್ ಹಾಕ್ಕೊಡ್ತೀವಿ. ಕಾಸಿಲ್ಲ! ಕುಂಕುಮ ಇದ್ರೂ ಸರಿ, ಬಿಚ್ಚಿ ಕೊಟ್ಬುಡಿ, ಸ್ವಾಮಿ ಬೇಜಾರು ಮಾಡ್ಕಳಲ್ಲ!"

ಕೊನೆಯ ಸಾಲು ಅವನದೇ. ನಾನು ಬರೆದುಕೊಟ್ಟಿರಲಿಲ್ಲ.

ಎರಡು ದಿನದಲ್ಲಿ ನೂರರ ಮೇಲೆ ಬಂದಿವೆ. ಹೆಚ್ಚಿನವು ಗಟ್ಟಿಯಾಗೇ ಇವೆ, ಮೊದಲ ಅಚ್ಚಿನವಲ್ಲ. ಪರವಾಗಿಲ್ಲ, ಯಾವುದು ಸರಿ ಯಾವುದು ತಪ್ಪು ಅಂತ ಈ ಸಲ ಆರಿಸುವುದಿಲ್ಲ. ಬಿಳಿ ಅಂದರೆ ಎಲ್ಲಾ. ಮೆತ್ತಗಿರುವುದು ಇನ್ನೂ ಮೂರು ಸಿಕ್ಕಿತಂತೆ. ಅದರಲ್ಲಿ ಒಂದು ಇನ್ನೂ ಕೋಲಿಗೆ ಹಾಕಿರಲಿಲ್ಲ, ಆ ಮನೆಯವರೂ ಹಬ್ಬಕ್ಕೆ ಅಂತ ಎತ್ತಿಟ್ಟಿದ್ದರಂತೆ. ಅಣ್ಣ ಹೇಳಿ ಹೇಳಿ ನಗುತ್ತಿದ್ದ.


29 ಡಿಸೆಂಬರ್, ಸೋಮವಾರ. ಯೂನಿಟ್

ಡೈ ಐದೂವರೆಯಿಂದ ಕಾದಿತ್ತು. ಏಳು ಇಪ್ಪತ್ತಕ್ಕೆ ಮೊದಲ ಅಚ್ಚು, ರಾಹುಕಾಲಕ್ಕೆ ಮುಂಚೆಯೇ. ಮೀಟರ್ ಅರವತ್ತನಾಲ್ಕು. ಜಯರಾಮಪ್ಪ ಪೂಜೆ ಮುಗಿಸಿ, ತಟ್ಟೆಯಿಂದ ನಾಲ್ಕು ಬುಷ್ ತಾವೇ ಎಣಿಸಿ ನನ್ನ ಟೇಬಲ್ ಮೇಲೆ ಇಟ್ಟರು. ಇನ್ನು ಮೇಲೆ ದಿನಾ ನಾಲ್ಕು, ನನ್ನ ಇಪ್ಪತ್ತರ ಜೊತೆಗೆ. "ಸ್ವಾಮಿಗೆ ಇಟ್ಟಿದ್ದೇ ಮೊದಲು ಪಾಸಾಗ್ಬೇಕು" ಅಂದರು.

ಅವನ್ನು ಆಮೇಲೆ ಹಾಕುತ್ತೇನೆ. ಮೊದಲು ಅಣ್ಣನದು.

ಕುಂಕುಮ ದಪ್ಪಗೆ ಕೂತಿದೆ, ಅತ್ತಿಗೆಯ ಬೆರಳಿನ ಗುರುತು. ಒರೆಸಲಿಲ್ಲ. ಕಣ್ಣಿಗೊತ್ತಿಕೊಂಡೆ. ಡ್ರಮ್ಮಿಗೆ ಹಿಡಿದು ಬಿಗಿ ಮಾಡಿದೆ. ಜಯರಾಮಪ್ಪ ಪಕ್ಕದಲ್ಲಿ ನಿಂತಿದ್ದಾರೆ. ಸ್ವಿಚ್ ಹಾಕಿದೆ.

ಎರಡು ಸಾವಿರ ಬರಬೇಕು. ತಿರುಗುತ್ತಿರುವಾಗಲೇ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ.

ನೂರು. ಎಮರಿ ಮೇಲೆ ಕೆಂಪು ಗೆರೆ, ಕುಂಕುಮದ್ದು.

ಇನ್ನೂರೈವತ್ತು. ರಬ್ಬರ್ ಪುಡಿ ಜಾಸ್ತಿ ಉದುರುತ್ತಿದೆ. ಇಷ್ಟು ಉದುರಬಾರದು. ಚರ್ಚಿನ ಆ ಮೆಟ್ಟಿಲುಗಳೇ ಕಣ್ಣ ಮುಂದೆ ಬರುತ್ತಿವೆ.

ನಾನೂರು. ಅಣ್ಣ ಫೋನ್ ಮಾಡಿದ. "ಆಯ್ತೇನಮ್ಮ?" ಇನ್ನೂ ಇಲ್ಲ ಅಂದೆ. ಇಡಬೇಡ, ಹಿಡಿದುಕೊಂಡೇ ಇರ್ತೀನಿ ಅಂದ. ಫೋನ್ ಟೇಬಲ್ ಮೇಲಿದೆ, ಅವನ ಆಟೋ ಸದ್ದು ಕೇಳಿಸುತ್ತಿದೆ.

ನಾನೂರ ಎಂಬತ್ತು. ಸದ್ದು ಬದಲಾಯಿತು. ಕಿರ್ ಕಿರ್ ಅಂತ, ಕಬ್ಬಿಣದ್ದು. ಅವನಿಗೂ ಕೇಳಿಸಿರಬೇಕು, ಆಟೋ ನಿಲ್ಲಿಸು ಅಂತ ಯಾರಿಗೋ ಹೇಳುತ್ತಿದ್ದಾನೆ. ತ್ರಿವೇಣೀ ಅಂತ ನನ್ನನ್ನು ಕರೆಯುತ್ತಿದ್ದಾನೆ. ಸ್ವಿಚ್ ಆರಿಸಿ ಹೇಳಿದೆ, ಬಿಲ್ಲೆ ಕಂಡಿತು ಅಣ್ಣ.